ಪ್ಲಾಸ್ಟಿಕ್ ಪಿಸ್ತೂಲು: ಅಗ್ಗವೂ ಹೌದೆ, ಭದ್ರವೂ ಹೌದೆ?

ಪಿಸ್ತೂಲು ಕೊಳ್ಳುವವನು ಅದರಿಂದ ಬಯಸುವುದು ಎರಡೇ ಸಂಗತಿ. ಕುದುರೆ ಎಳೆದಾಗ ಗುಂಡು ಹಾರಬೇಕು; ಎಳೆಯದೆ ಇದ್ದಾಗ ಹಾರಬಾರದು. ಕೇಳಲು ಇಷ್ಟು ಸರಳವಾದ ಈ ಎರಡು ಮಾತನ್ನು ವರ್ಷಗಟ್ಟಲೆ ತಪ್ಪದೆ ನಡೆಸಿಕೊಡುವ ಯಂತ್ರವನ್ನು ಮಾಡುವುದು ಮಾತ್ರ ಸುಲಭವಲ್ಲ. ಮೊದಲನೆಯದು ತಪ್ಪಿದರೆ ಪಿಸ್ತೂಲು ನಂಬಿದವನ ಜೀವಕ್ಕೇ ಸಂಚಕಾರ. ಎರಡನೆಯದು ತಪ್ಪಿದರೆ ಅವನ ತೊಡೆಗೋ, ಪಕ್ಕದ ಕೋಣೆಯಲ್ಲಿ ಮಲಗಿರುವ ಮಗುವಿಗೋ ಅಪಾಯ.

ಅಮೆರಿಕದ ಬಂದೂಕಿನ ಅಂಗಡಿಗಳಲ್ಲಿ ಈ ಮಾತು ಈಗ ಬೆಲೆಯ ಪ್ರಶ್ನೆಯಾಗಿ ನಿಂತಿದೆ. ಗಾಜಿನ ಕಪಾಟಿನಲ್ಲಿ ಆಸ್ಟ್ರಿಯಾದ ಗ್ಲಾಕ್ 17 ಪಿಸ್ತೂಲು ಇರುತ್ತದೆ. ಬೆಲೆ 500ರಿಂದ 600 ಡಾಲರ್. ಅದರ ಪಕ್ಕದಲ್ಲೇ ಬ್ರೆಜಿಲ್‌ನದೋ, ಟರ್ಕಿಯದೋ, ಅಮೆರಿಕದ್ದೇ ಹೊಸ ಕಂಪೆನಿಯದೋ ಇನ್ನೊಂದು ಪಿಸ್ತೂಲು. ಇವುಗಳಲ್ಲಿ ಕೆಲವದರ ಬೆಲೆ 300 ಡಾಲರಿನ ಆಸುಪಾಸು. ಎರಡಕ್ಕೂ ಪ್ಲಾಸ್ಟಿಕ್ಕಿನ ಚೌಕಟ್ಟು, ಎರಡಕ್ಕೂ ಉಕ್ಕಿನ ನಳಿಗೆ, ಎರಡರಲ್ಲೂ 9 ಮಿಲಿಮೀಟರ್ ಗುಂಡು. ಅರ್ಧ ಬೆಲೆಯದು ಪೂರ್ತಿ ಬೆಲೆಯದಕ್ಕೆ ಸಮನಾದೀತೆ? ಒಂದೇ ಒಂದು ಪಿಸ್ತೂಲು ಕೊಳ್ಳುವಷ್ಟು ಹಣವಿರುವ, ರಾತ್ರಿ ಪಾಳಿ ಮುಗಿಸಿ ಒಂಟಿಯಾಗಿ ಮನೆಗೆ ಮರಳುವ ನರ್ಸಿಗೆ ಇದು ಹವ್ಯಾಸದ ಪ್ರಶ್ನೆಯಲ್ಲ.

<b>ಪರದೆ ಸರಳಿನಿಂದ ಪಿಸ್ತೂಲಿಗೆ</b>

ಮೊದಲು ಪ್ಲಾಸ್ಟಿಕ್ಕಿನ ಬಗೆಗಿನ ಅನುಮಾನ ಕಳೆದುಕೊಳ್ಳಬೇಕು. ತಾಮ್ರದ ಕೊಡದ ಜಾಗಕ್ಕೆ ಪ್ಲಾಸ್ಟಿಕ್ ಕೊಡ ಬಂದಾಗ ಹಿರಿಯರು ಮೂಗು ಮುರಿದ ಹಾಗೆ, ಪ್ಲಾಸ್ಟಿಕ್ ಪಿಸ್ತೂಲು ಬಂದಾಗ ಬಂದೂಕಿನ ಲೋಕವೂ ಮೂಗು ಮುರಿಯಿತು. ಜರ್ಮನಿಯ ಹೆಕ್ಲರ್ ಅಂಡ್ ಕಾಕ್ ಕಂಪೆನಿ 1970ರಲ್ಲೇ ವಿಪಿ 70 ಎಂಬ ಪ್ಲಾಸ್ಟಿಕ್ ಚೌಕಟ್ಟಿನ ಪಿಸ್ತೂಲನ್ನು ತಂದಿತ್ತು. ಅದು ಹೆಚ್ಚು ಜನರ ಮನಸ್ಸು ಗೆಲ್ಲಲಿಲ್ಲ. ಗೆದ್ದವರು ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕ್. ಅದಕ್ಕೆ ಮುಂಚೆ ಅವರು ಮಾಡುತ್ತಿದ್ದುದು ಪರದೆ ತೂಗುಹಾಕುವ ಸರಳು, ಚಾಕು, ಸೈನಿಕರು ಗುಂಡಿ ತೋಡುವ ಸನಿಕೆ ಇಂಥವು. ಪಿಸ್ತೂಲು ಮಾಡಿದ ಅನುಭವವೇ ಇರಲಿಲ್ಲ.

ಆಸ್ಟ್ರಿಯಾದ ಸೇನೆ ಹಳೆಯ ವಾಲ್ಥರ್ ಪಿಸ್ತೂಲುಗಳನ್ನು ಬದಲಿಸಲು ಹೊರಟಾಗ 17 ಷರತ್ತುಗಳ ಪಟ್ಟಿಯೊಂದನ್ನು ಮುಂದಿಟ್ಟಿತು. ಎರಡು ಮೀಟರ್ ಎತ್ತರದಿಂದ ಉಕ್ಕಿನ ತಗಡಿನ ಮೇಲೆ ಬಿದ್ದರೂ ಗುಂಡು ಹಾರಬಾರದು. ಒಂದು ಪಿಸ್ತೂಲಿನ ಬಿಡಿಭಾಗ ಅರ ಹಾಕಿ ಉಜ್ಜುವ ಗೋಜಿಲ್ಲದೆ ಇನ್ನೊಂದಕ್ಕೆ ಕೂಡಬೇಕು. ಮೊದಲ 10,000 ಗುಂಡು ಹಾರಿಸುವಷ್ಟರಲ್ಲಿ 20ಕ್ಕಿಂತ ಹೆಚ್ಚು ಸಲ ತಡೆಯಬಾರದು. ಕೈಯಿಂದಲೇ ಸರಿಪಡಿಸಬಹುದಾದ ಚಿಕ್ಕ ತಡೆಯೂ ಲೆಕ್ಕಕ್ಕೆ ಸೇರುತ್ತಿತ್ತು. ಹೆಸರಾಂತ ಕಂಪೆನಿಗಳ ನಡುವೆ ಈ ಪರೀಕ್ಷೆ ಗೆದ್ದದ್ದು ಪರದೆ ಸರಳಿನವರ ಪ್ಲಾಸ್ಟಿಕ್ ಪಿಸ್ತೂಲು. 1982ರಲ್ಲಿ ಸೇನೆ ಅದನ್ನು ಒಪ್ಪಿಕೊಂಡಿತು.

ಇದು ವಿಮಾನ ನಿಲ್ದಾಣದ ಎಕ್ಸ್‌ರೇ ಯಂತ್ರಕ್ಕೆ ಕಾಣುವುದಿಲ್ಲ ಎಂಬ ಗುಲ್ಲು ಎಂಬತ್ತರ ದಶಕದಲ್ಲಿ ಅಮೆರಿಕದಲ್ಲಿ ಎದ್ದಿತ್ತು. ಅದರಲ್ಲಿ ಹುರುಳಿರಲಿಲ್ಲ. ಗ್ಲಾಕ್ ಪಿಸ್ತೂಲಿನ ತೂಕದಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಪಾಲು ಉಕ್ಕಿನದೇ. ಸಿಡಿಯುವ ಒತ್ತಡವನ್ನೆಲ್ಲ ತಡೆಯುವುದು ಉಕ್ಕಿನ ನಳಿಗೆ ಮತ್ತು ಸ್ಲೈಡು. ಕೈಯಲ್ಲಿ ಹಿಡಿಯುವ ಚೌಕಟ್ಟಷ್ಟೇ ನೈಲಾನ್ ಜಾತಿಯ ಪ್ಲಾಸ್ಟಿಕ್ಕು; ಅದರಲ್ಲೂ ಸ್ಲೈಡು ಜಾರುವ ಕಡೆ ಉಕ್ಕಿನ ಹಳಿಗಳನ್ನು ಕೂರಿಸಿರುತ್ತಾರೆ.

ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. 1994ರಲ್ಲಿ ಅಮೆರಿಕದ ನೂರು ವರ್ಷಕ್ಕೂ ಹಳೆಯದಾದ ಸ್ಮಿತ್ ಅಂಡ್ ವೆಸನ್ ಕಂಪೆನಿ ಸಿಗ್ಮಾ ಎಂಬ ಪ್ಲಾಸ್ಟಿಕ್ ಪಿಸ್ತೂಲನ್ನು ಮಾರುಕಟ್ಟೆಗೆ ಬಿಟ್ಟಿತು. ತನ್ನದನ್ನೇ ನಕಲು ಮಾಡಿದ್ದಾರೆಂದು ಗ್ಲಾಕ್ ಕಂಪೆನಿ ಕೋರ್ಟಿಗೆ ಹೋಯಿತು. 1997ರಲ್ಲಿ ಇಬ್ಬರೂ ರಾಜಿಯಾದರು. ಹತ್ತು ವರ್ಷದ ಹಿಂದೆ ಆಟಿಕೆಯೆಂದು ಹೀಗಳೆಸಿಕೊಂಡದ್ದು ಅಷ್ಟರಲ್ಲಿ ದೊಡ್ಡವರು ಅನುಸರಿಸುವ ಮಾದರಿಯಾಗಿತ್ತು. ಇಂದಿನ ಪ್ರತಿಷ್ಠಿತ ಹೆಸರು ನಿನ್ನೆಯ ಹೊಸಬನೇ ಆಗಿರುತ್ತದೆ.

<b>ಹಣ ಉಳಿಯುವುದು ಎಲ್ಲಿ?</b>

ಹಾಗಾದರೆ ಅಗ್ಗದ ಪಿಸ್ತೂಲಿನವರು ಹಣ ಉಳಿಸುವುದೆಲ್ಲಿ? ಪ್ಲಾಸ್ಟಿಕ್ಕಿನಲ್ಲಿ ಅಲ್ಲ. ಉಕ್ಕಿನ ಗಟ್ಟಿಯನ್ನು ಕೊರೆದು ಚೌಕಟ್ಟು ಮಾಡಲು ಯಂತ್ರದ ಮೇಲೆ ಬಹಳ ಹೊತ್ತು ಬೇಕು. ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚಿಗೆ ತುಂಬಿದರೆ ನೋಡುನೋಡುತ್ತಲೇ ಚೌಕಟ್ಟು ಸಿದ್ಧ. ದುಬಾರಿಯಾದದ್ದು ಅಚ್ಚು ಮಾತ್ರ. ಲಕ್ಷಗಟ್ಟಲೆ ಪಿಸ್ತೂಲು ಮಾರಿದರೆ ಅದರ ಖರ್ಚೂ ಹಂಚಿಹೋಗುತ್ತದೆ. ಈ ಲಾಭ ದೊಡ್ಡ ಕಂಪೆನಿಗೂ ಉಂಟು, ಚಿಕ್ಕ ಕಂಪೆನಿಗೂ ಉಂಟು.

ಉಳಿತಾಯದ ಮೊದಲ ದಾರಿ ಬೇರೆಯವರ ವಿನ್ಯಾಸ. ಗ್ಲಾಕ್‌ನ ಮೂಲ ಪೇಟೆಂಟುಗಳ ಅವಧಿ ತೀರಿದೆ. ಸೌತ್ ಕೆರೊಲಿನಾದ ಪಾಮೆಟೊ ಸ್ಟೇಟ್ ಆರ್ಮರಿಯ ಡ್ಯಾಗರ್ ಪಿಸ್ತೂಲು ಗ್ಲಾಕ್‌ನ ಮೂರನೆಯ ಪೀಳಿಗೆಯ ವಿನ್ಯಾಸವನ್ನೇ ಆಧರಿಸಿದೆ. ಸಂಶೋಧನೆಗೆ ಬೇರೆಯವರು ಸುರಿದ ಹಣ ಇವರಿಗೆ ಉಳಿಯಿತು. ಎರಡನೆಯ ದಾರಿ ಕೂಲಿ. ಟರ್ಕಿಯ ಕಪ್ಪು ಸಮುದ್ರದ ದಂಡೆಯ ಸಾಮ್ಸುನ್ ಊರಿನಲ್ಲಿ ತಯಾರಾಗುವ ಜಾನಿಕ್ ಪಿಸ್ತೂಲು, ಗುರಿಗಾರರು ಹೊಗಳುವಷ್ಟು ಹಗುರ ಕುದುರೆಯಿದ್ದೂ ಕಡಿಮೆ ಬೆಲೆಗೆ ಸಿಗುತ್ತ ಬಂದಿತು. ಈ ಎರಡು ದಾರಿಯಿಂದ ಕೊಳ್ಳುವವನಿಗೆ ನಷ್ಟವಿಲ್ಲ.

ಮೂರನೆಯ ದಾರಿ ಲೋಹ. ಒಹಾಯೊ ರಾಜ್ಯದ ಹೈ ಪಾಯಿಂಟ್ ಪಿಸ್ತೂಲು ಇವುಗಳಿಗಿಂತಲೂ ಅಗ್ಗ. ಅದರ ಸ್ಲೈಡು ಉಕ್ಕಿನದಲ್ಲ, ಸತುವಿನ ಮಿಶ್ರಲೋಹವನ್ನು ಎರಕ ಹೊಯ್ದದ್ದು. ಗುಂಡು ಹಾರುವ ಕ್ಷಣದಲ್ಲಿ ನಳಿಗೆ ಮತ್ತು ಸ್ಲೈಡನ್ನು ಬಿಗಿಹಿಡಿಯುವ ಏರ್ಪಾಡು ಅದರಲ್ಲಿಲ್ಲ; ಸ್ಲೈಡಿನ ಭಾರವೇ ಒತ್ತಡವನ್ನು ತಡೆಯಬೇಕು. ಆದ್ದರಿಂದ ಅದು ದಪ್ಪ, ಭಾರ, ನೋಡಲು ಅಂದಗೇಡಿ. ಆದರೂ ಕೆಟ್ಟರೆ, ಎಷ್ಟನೆಯ ಕೈಯಲ್ಲಿದ್ದರೂ, ಕಂಪೆನಿಯೇ ಪುಕ್ಕಟೆ ರಿಪೇರಿ ಮಾಡಿಕೊಡುತ್ತದೆ. ಇದು ಕುಂದನ್ನು ಬಚ್ಚಿಡದೆ ಅಗ್ಗವಾಗಿರುವ ಬಗೆ.

ನಾಲ್ಕನೆಯ ದಾರಿ ಕಣ್ಣಿಗೆ ಕಾಣದ್ದು. ತಪಾಸಣೆ. ಸಾವಿರ ಪಿಸ್ತೂಲಿನಲ್ಲಿ ಎಷ್ಟನ್ನು ಅಳತೆ ಹಿಡಿದು ನೋಡುತ್ತಾರೆ, ಸ್ಪ್ರಿಂಗು ತಯಾರಿಸಿದವರು ಯಾರು, ಸೋತ ಬಿಡಿಭಾಗವನ್ನು ತಿಪ್ಪೆಗೆ ಹಾಕುತ್ತಾರೋ ಪೆಟ್ಟಿಗೆಗೆ ಹಾಕುತ್ತಾರೋ ಎಂಬುದು ಅಂಗಡಿಯಲ್ಲಿ ಗೊತ್ತಾಗುವುದಿಲ್ಲ. ಅಗ್ಗದ ಮಾಲು ಮುಗ್ಗಲು ಜೋಳವಾಗುವುದು ಸಾಮಾನ್ಯವಾಗಿ ಇಲ್ಲಿಯೇ.

<b>ಕೆಳಗೆ ಬಿತ್ತು, ಗುಂಡು ಹಾರಿತು</b>

ಬ್ರೆಜಿಲ್‌ನ ಟಾರಸ್ ಕಂಪೆನಿಯ ಕತೆ ಇದಕ್ಕೆ ನಿದರ್ಶನ. 2013ರಲ್ಲಿ ಅಯೋವಾ ರಾಜ್ಯದ ಒಬ್ಬ ಪೊಲೀಸ್ ಅಧಿಕಾರಿ ಆರೋಪಿಯೊಬ್ಬನನ್ನು ಬೆನ್ನಟ್ಟಿ ಓಡುತ್ತಿದ್ದಾಗ ಸೊಂಟದ ಒರೆಯಿಂದ ಟಾರಸ್ ಪಿಸ್ತೂಲು ಜಾರಿ ನೆಲಕ್ಕೆ ಬಿತ್ತು. ಬಿದ್ದೊಡನೆ ಗುಂಡು ಹಾರಿತು. ಆತ ಹೂಡಿದ ದಾವೆ ಅದೇ ಬಗೆಯ ಪಿಸ್ತೂಲು ಕೊಂಡ ಎಲ್ಲರ ಪರವಾದ ದಾವೆಯಾಗಿ ಬೆಳೆಯಿತು. ಒಂಬತ್ತು ಮಾದರಿಗಳ ಸುಮಾರು 9.5 ಲಕ್ಷ ಪಿಸ್ತೂಲುಗಳು ಅದರ ವ್ಯಾಪ್ತಿಗೆ ಬಂದವು. ಕಂಪೆನಿ ತಪ್ಪನ್ನು ಒಪ್ಪಿಕೊಳ್ಳಲಿಲ್ಲ. ಆದರೆ ಪಿಸ್ತೂಲು ಹಿಂದಿರುಗಿಸಿದವರಿಗೆ 200 ಡಾಲರ್‌ವರೆಗೆ ಕೊಡಲು ರಾಜಿಯಲ್ಲಿ ಒಪ್ಪಿತು. 2016ರಲ್ಲಿ ಕೋರ್ಟು ರಾಜಿಗೆ ಅಂತಿಮ ಮುದ್ರೆ ಒತ್ತಿತು.

ಆ ಪೆಟ್ಟಿನ ನಂತರ ಟಾರಸ್ ಹೊಸ ಮಾದರಿಗಳನ್ನು ತಂದಿತು. 2019ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಹೊಸ ಕಾರ್ಖಾನೆ ತೆರೆಯಿತು. ಅದರ ಜಿ 3 ಸರಣಿ ಅಗ್ಗದ ವರ್ಗದಲ್ಲಿ ಹೆಚ್ಚು ಮಾರುವವುಗಳಲ್ಲಿ ಒಂದು. ಹಳೆಯ ಮಾದರಿಯ ಪಾಪವನ್ನು ಹೊಸದಕ್ಕೆ ಹೊರಿಸುವುದು ನ್ಯಾಯವಲ್ಲ. ಆದರೆ ಬಳಸಿದ ಪಿಸ್ತೂಲು ಕೊಳ್ಳುವವನು ಅದು ಯಾವ ಮಾದರಿಯೆಂದು ಎರಡು ಸಲ ನೋಡಬೇಕು.

<b>ಹೆಸರುವಾಸಿಗಳೂ ಎಡವಿದರು</b>

ಇಷ್ಟು ಓದಿದವರು, ದುಬಾರಿಯಾದರೂ ಹೆಸರಿರುವುದನ್ನೇ ಕೊಳ್ಳಬೇಕೆಂದು ತೀರ್ಮಾನಿಸಿದರೆ ಆಶ್ಚರ್ಯವಿಲ್ಲ. ಅವರು ಸಿಗ್ ಸೌವರ್ ಕಂಪೆನಿಯ ಕತೆಯನ್ನೂ ಕೇಳಬೇಕು. ಸ್ವಿಟ್ಜರ್‌ಲೆಂಡ್ ಮತ್ತು ಜರ್ಮನಿಯ ಪರಂಪರೆಯ ಈ ಹೆಸರಿಗೆ ಪಿಸ್ತೂಲು ಲೋಕದಲ್ಲಿ ದೊಡ್ಡ ಮರ್ಯಾದೆ. 2017ರ ಜನವರಿಯಲ್ಲಿ ಅಮೆರಿಕದ ಸೇನೆ ತನ್ನ ಹೊಸ ಪಿಸ್ತೂಲಾಗಿ ಆರಿಸಿದ್ದು ಇದರ ಪಿ 320 ಮಾದರಿಯನ್ನು. ಗ್ಲಾಕ್ ತಕರಾರು ತೆಗೆದು ಸೋತಿತು. ಆಗ ಹೊರಬಂದ ಲೆಕ್ಕದ ಪ್ರಕಾರ ಸಿಗ್ ಹೇಳಿದ ಬೆಲೆ ಗ್ಲಾಕ್ ಹೇಳಿದ್ದಕ್ಕಿಂತ 10 ಕೋಟಿ ಡಾಲರಿಗೂ ಹೆಚ್ಚು ಕಡಿಮೆ. ಸೇನೆಯೂ ಬೆಲೆ ನೋಡುತ್ತದೆ!

ಸೇನೆ ಆ ಪಿಸ್ತೂಲನ್ನು ಬೀಳಿಸಿ ಪರೀಕ್ಷಿಸಿದಾಗ ಅದು ತಾನಾಗಿ ಸಿಡಿಯಿತು. ಕಾರಣ ಸರಳ. ಬಸ್ಸು ಗಕ್ಕನೆ ನಿಂತಾಗ ನಿಂತ ಪ್ರಯಾಣಿಕ ಮುಂದಕ್ಕೆ ಮುಗ್ಗರಿಸುತ್ತಾನೆ. ಹಾಗೆಯೇ ಪಿಸ್ತೂಲು ಹಿಂಬದಿಯ ಮೇಲೆ ಬಿದ್ದಾಗ ಚೌಕಟ್ಟು ನಿಲ್ಲುತ್ತದೆ, ಭಾರವಾದ ಕುದುರೆ ಮಾತ್ರ ತನ್ನ ವೇಗದಲ್ಲೇ ಹಿಂದಕ್ಕೆ ಸರಿಯುತ್ತದೆ. ಬೆರಳಿಲ್ಲದೆಯೇ ಕುದುರೆ ಎಳೆದಂತಾಯಿತು. ಕಂಪೆನಿ ಹಗುರವಾದ ಬಿಡಿಭಾಗ ಹಾಕಿ ಸೇನೆಯ ಪಿಸ್ತೂಲನ್ನು ಸರಿಪಡಿಸಿತು. ಅಂಗಡಿಯಲ್ಲಿ ಮಾರುತ್ತಿದ್ದ ಪಿಸ್ತೂಲಿಗೆ ಅದೇ ಬಗೆಯ ರಿಪೇರಿಯನ್ನು ಪುಕ್ಕಟೆಯಾಗಿ ಘೋಷಿಸಿದ್ದು 2017ರ ಆಗಸ್ಟ್‌ನಲ್ಲಿ, ಬೀಳಿಸಿ ನೋಡಿದವರ ಸುದ್ದಿ ಎಲ್ಲೆಡೆ ಹಬ್ಬಿದ ಮೇಲೆ. ಆ ಬಳಿಕವೂ ಈ ಮಾದರಿಯ ಮೇಲೆ ದಾವೆಗಳು ನಿಲ್ಲಲಿಲ್ಲ. 2024ರಲ್ಲಿ ಫಿಲಡೆಲ್ಫಿಯಾದ ಜ್ಯೂರಿಯೊಂದು ಗಾಯಗೊಂಡ ಮಾಜಿ ಸೈನಿಕನಿಗೆ 1.1 ಕೋಟಿ ಡಾಲರ್ ಕೊಡಬೇಕೆಂದಿತು. ಪಿಸ್ತೂಲಿನಲ್ಲಿ ದೋಷವಿಲ್ಲ, ಬಳಸುವವರ ಕೈತಪ್ಪು ಎಂಬುದು ಕಂಪೆನಿಯ ವಾದ.

ಹೆಸರು ಎಂಬುದು ಎಷ್ಟು ಜಾರುವ ಪದಾರ್ಥ ಎಂಬುದಕ್ಕೆ ಕ್ರೊಯೇಷಿಯದ ಉದಾಹರಣೆಯೂ ಇದೆ. ಅಲ್ಲಿನ ಕಾರ್ಲೊವಾಚ್ ಊರಿನ ಎಚ್‌ಎಸ್ 2000 ಎಂಬ ಪ್ಲಾಸ್ಟಿಕ್ ಪಿಸ್ತೂಲನ್ನು ಮೊದಲು ಅಮೆರಿಕದಲ್ಲಿ ಮೂಸುವವರು ಕಡಿಮೆ. 2002ರ ಸುಮಾರಿಗೆ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಎಂಬ ಅಮೆರಿಕನ್ ಕಂಪೆನಿ ಅದನ್ನೇ ಎಕ್ಸ್‌ಡಿ ಎಂಬ ಹೆಸರಿನಲ್ಲಿ ಮಾರತೊಡಗಿತು. ಅದೇ ಕಾರ್ಖಾನೆ, ಅದೇ ವಿನ್ಯಾಸ. ಹೆಸರು ಬದಲಾಯಿತು, ಬೆಲೆ ಏರಿತು, ಗಿರಾಕಿಗಳ ಸಾಲು ಬೆಳೆಯಿತು.

<b>ಕೇಳುವವರು ಯಾರು?</b>

ಅಗ್ಗದ್ದೂ ಎಡವುತ್ತದೆ, ದುಬಾರಿಯದ್ದೂ ಎಡವುತ್ತದೆ ಎಂದಾದರೆ ಗ್ರಾಹಕನಿಗೆ ಕಾವಲು ಯಾರು? ಅಮೆರಿಕದಲ್ಲಿ ರೊಟ್ಟಿ ಸುಡುವ ಟೋಸ್ಟರು ಹೊತ್ತಿಕೊಂಡರೆ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಸಲು ಸರಕಾರದ ಆಯೋಗವಿದೆ. ಆದರೆ ಆ ಆಯೋಗವನ್ನು ಹುಟ್ಟುಹಾಕಿದ 1972ರ ಕಾನೂನು ಬಂದೂಕುಗಳನ್ನು ಅದರ ಕೈಗೆ ಸಿಗದಂತೆ ಹೊರಗಿಟ್ಟಿತು. ಟೋಸ್ಟರನ್ನು ಹಿಂತೆಗೆಸಬಲ್ಲ ಕೇಂದ್ರ ಸರಕಾರ ಪಿಸ್ತೂಲನ್ನು ಹಿಂತೆಗೆಸಲಾರದು. ಉಳಿದದ್ದು ಕೋರ್ಟು. ಅಲ್ಲಿಗೆ ಹೋಗುವುದು ಗಾಯವಾದ ಮೇಲೆ.

ಕೆಲವು ರಾಜ್ಯಗಳು ತಾವೇ ಪರೀಕ್ಷೆ ಇಟ್ಟಿವೆ. ಕ್ಯಾಲಿಫೋರ್ನಿಯದಲ್ಲಿ 2001ರಿಂದ, ಹೊಸ ಮಾದರಿಯ ಪಿಸ್ತೂಲು 600 ಗುಂಡು ಹಾರಿಸುವಾಗ ಆರಕ್ಕಿಂತ ಹೆಚ್ಚು ಸಲ ತಡೆಯಬಾರದು. ಒಂದು ಮೀಟರಿನಷ್ಟು ಎತ್ತರದಿಂದ ಬೀಳಿಸಿದರೆ ಸಿಡಿಯಬಾರದು. ಯುರೋಪಿನ ಆಸ್ಟ್ರಿಯಾ, ಜರ್ಮನಿ, ಇಟಲಿಗಳಲ್ಲಿ ಪ್ರತಿಯೊಂದು ಪಿಸ್ತೂಲನ್ನೂ ಮಾರುವ ಮುನ್ನ ಹೆಚ್ಚು ಒತ್ತಡದ ತೋಟಾ ಹಾರಿಸಿ ಮುದ್ರೆ ಒತ್ತುತ್ತಾರೆ. ಇದರಿಂದ ನಳಿಗೆ ಸಿಡಿಯದೆಂಬ ಭರವಸೆ ಸಿಗುತ್ತದೆ. ಕೆಳಗೆ ಬಿದ್ದರೆ ಏನಾದೀತೆಂಬುದಕ್ಕೆ ಆ ಮುದ್ರೆ ಉತ್ತರವಲ್ಲ.

ಭಾರತದಲ್ಲಿ ಈ ಚರ್ಚೆಗೆ ಬೇರೆಯೇ ರೂಪ. ಇಲ್ಲಿ 1959ರ ಕಾಯ್ದೆಯಂತೆ ಪರವಾನಗಿ ಬೇಕು. 9 ಮಿಲಿಮೀಟರ್ ಪಿಸ್ತೂಲು ಸಾಮಾನ್ಯ ನಾಗರಿಕನಿಗೆ ನಿಷಿದ್ಧ. ಇಂಥ ಪಿಸ್ತೂಲು ಕಾಣುವುದು ಪೊಲೀಸರ ಮತ್ತು ಯೋಧರ ಸೊಂಟದಲ್ಲಿ. ಅವರು ತಮ್ಮ ಪಿಸ್ತೂಲನ್ನು ತಾವೇ ಆರಿಸುವುದಿಲ್ಲ, ಇಲಾಖೆ ಆರಿಸಿ ಕೊಡುತ್ತದೆ. ಟಾರಸ್ ಕಂಪೆನಿ 2020ರಲ್ಲಿ ಜಿಂದಾಲ್ ಸಮೂಹದೊಂದಿಗೆ ಕೈಜೋಡಿಸಿ ಹರಿಯಾಣದ ಹಿಸಾರ್‌ನಲ್ಲಿ ಕಾರ್ಖಾನೆ ಕಟ್ಟಲು ಒಪ್ಪಂದ ಮಾಡಿಕೊಂಡದ್ದನ್ನು ನೆನೆದರೆ, ಇದು ದೂರದ ದೇಶದ ಮಾತಾಗಿ ಉಳಿಯುವುದಿಲ್ಲ. ಅತಿ ಕಡಿಮೆ ಬೆಲೆಯ ಟೆಂಡರಿಗೆ ಸಹಿ ಹಾಕುವವರು ಬೀಳಿಸಿ ನೋಡಿದ ವರದಿಯನ್ನೂ ಕೇಳಿ ಪಡೆಯಬೇಕು. ಏಕೆಂದರೆ ಆ ಪಿಸ್ತೂಲನ್ನು ಸೊಂಟಕ್ಕೆ ಕಟ್ಟಿಕೊಂಡು ಓಡುವವನು ಕಾನ್‌ಸ್ಟೆಬಲ್.

ಅಮೆರಿಕದ ಆ ನರ್ಸಿಗೆ ಹೇಳಬಹುದಾದದ್ದೂ ಹೆಚ್ಚುಕಡಿಮೆ ಇದೇ. 300 ಡಾಲರಿನ ಪಿಸ್ತೂಲು 600 ಡಾಲರಿನದಕ್ಕೆ ಸಮನಾಗಬಲ್ಲದು; ಹಾಗೆ ಸಮನಾದವು ಮಾರುಕಟ್ಟೆಯಲ್ಲಿವೆ. ಆದರೆ ಮಾರುಕಟ್ಟೆಗೆ ಬಂದ ಮೊದಲ ವರ್ಷವೇ ಕೊಳ್ಳುವ ಅವಸರ ಬೇಡ. ಮೊದಲ ದಿನವೇ ನಂಬುವುದೂ ಬೇಡ. ಮನೆಯಲ್ಲಿ ಇಡಬೇಕೆಂದಿರುವ ತೋಟಾವನ್ನೇ ಬಳಸಿ, ಕೊಂಡ ಮ್ಯಾಗಜಿನ್‌ಗಳನ್ನೆಲ್ಲ ಹಾಕಿ, ಕೆಲವು ನೂರು ಗುಂಡು ಹಾರಿಸಿ ನೋಡಬೇಕು. ತಡೆಗಳಲ್ಲಿ ಎಷ್ಟೋ ಮ್ಯಾಗಜಿನ್ನಿನಿಂದಲೇ ಬರುತ್ತವೆ. ಉಳಿಸಿದ ಹಣದ ಒಂದು ಪಾಲು ಈ ಪರೀಕ್ಷೆಗೆ, ಇನ್ನೊಂದು ಪಾಲು ಕುದುರೆಯನ್ನು ಪೂರ್ತಿ ಮುಚ್ಚುವ ಗಟ್ಟಿ ಒರೆಗೆ, ಮಗುವಿರುವ ಮನೆಯಾದರೆ ಬೀಗದ ಪೆಟ್ಟಿಗೆಗೆ ಹೋಗಬೇಕು. ಇಷ್ಟಕ್ಕೂ ಹಣ ಉಳಿಯದಿದ್ದರೆ ಆ ಪಿಸ್ತೂಲು ಅಗ್ಗವೇ ಅಲ್ಲ.

ಆಸ್ಟ್ರಿಯಾದ ಸೇನೆ 1982ರಲ್ಲಿ ಹೆಸರು ನೋಡಿ ಕೊಂಡಿದ್ದರೆ ಪರದೆ ಸರಳಿನವರು ಬಾಗಿಲಿನಿಂದಲೇ ಹಿಂದಿರುಗಬೇಕಾಗುತ್ತಿತ್ತು. ಬರಿಯ ಬೆಲೆ ನೋಡಿ ಕೊಂಡಿದ್ದರೆ ಹತ್ತು ಸಾವಿರ ಗುಂಡಿನ ಪರೀಕ್ಷೆಯೇ ನಡೆಯುತ್ತಿರಲಿಲ್ಲ. ಅವರು ಎತ್ತರದಿಂದ ಬೀಳಿಸಿ ನೋಡಿದರು, ಆಮೇಲೆ ಹಣ ಕೊಟ್ಟರು.