ಬಿಯರ್ ಸ್ಪರ್ಧೆ ಮತ್ತು ಜೋಳದ ವ್ಯಾಪಾರ

ಅಮೆರಿಕದಲ್ಲಿ 1982ರಲ್ಲಿ ಆರಂಭವಾದ ಗ್ರೇಟ್ ಅಮೆರಿಕನ್ ಬಿಯರ್ ಫೆಸ್ಟಿವಲ್‌ನ ಸ್ಪರ್ಧೆಯಲ್ಲಿ ತೀರ್ಪುಗಾರರು ತಯಾರಕರ ಹೆಸರು ತಿಳಿಯದೆಯೇ ರುಚಿ ನೋಡಿ ಪದಕ ನೀಡುತ್ತಾರೆ. ಅಲ್ಲಿ ಸಣ್ಣ ಘಟಕವೂ ದೊಡ್ಡದಕ್ಕೆ ಸರಿಸಮ. ಬೆಂಗಳೂರಿನ ಮೈಕ್ರೋಬ್ರೂವರಿಗಳಿಗೆ ಸ್ಪರ್ಧೆ ಏರ್ಪಡಿಸುವವರು ಜೋಳದ ಬಿಯರಿಗೆ ಪ್ರತ್ಯೇಕ ವಿಭಾಗವಿರಿಸುವುದು ಉಚಿತ. ನೈಜೀರಿಯಾ 1988ರಲ್ಲಿ ಬಾರ್ಲಿ ಮಾಲ್ಟ್ ಆಮದನ್ನು ನಿಷೇಧಿಸಿದಾಗ ಅಲ್ಲಿನ ಬಿಯರ್ ಕಾರ್ಖಾನೆಗಳು ಜೋಳವನ್ನೇ ಅವಲಂಬಿಸಿದವು.

ಯಾದಗಿರಿ, ಶಹಾಪುರ, ಸುರಪುರದ ಜೋಳದ ವರ್ತಕರು ಇದನ್ನು ಗಮನಿಸಬೇಕು. ಮಾಲ್ಟ್ ತಯಾರಿಕೆಗೆ ಚೆನ್ನಾಗಿ ಮೊಳೆಯುವ, ಒಂದೇ ತಳಿಯ, ಶುದ್ಧ ಕಾಳು ಬೇಕು. ಹಳೆಯದು ಹೊಸದು ಬೆರೆತ ಮಾಲು ಸಲ್ಲದು. ಬಿಯರ್ ಜಿ.ಎಸ್.ಟಿ. ವ್ಯಾಪ್ತಿಯ ಹೊರಗಿರುವುದರಿಂದ ಮಾಲ್ಟಿನ ಮೇಲೆ ತೆತ್ತ ತೆರಿಗೆಯು ಬ್ರೂವರಿಗೆ ಜಮೆಯಾಗದೆ ವೆಚ್ಚವಾಗಿಯೇ ಉಳಿಯುತ್ತದೆ. ದರ ಕುದುರಿಸುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ತಳಿವಾರು ಪ್ರತ್ಯೇಕ ದಾಸ್ತಾನಿರಿಸುವ ವರ್ತಕನಿಗೆ ಮಾತ್ರ ಇಂಥ ಬೇಡಿಕೆಯ ಲಾಭ ದಕ್ಕೀತು.