ಗೇಟಿನಾಚೆ ನಿಂತವರ ಬಾಕಿ

2025ರ ಜನವರಿ 6ರಂದು ಬೆಂಗಳೂರಿನ ಇಬ್ಬರು ಹಸುಳೆಗಳಲ್ಲಿ ಎಚ್‌ಎಂಪಿವಿ ಸೋಂಕು ಪತ್ತೆಯಾದ ಸುದ್ದಿ ಹಬ್ಬಿದಾಗ ಜಕ್ಕೂರಿನ ನಮ್ಮ ವಸತಿ ಸಮುಚ್ಚಯದಲ್ಲಿ ಸಣ್ಣದೊಂದು ತಲ್ಲಣವೇ ಉಂಟಾಯಿತು. ಮಕ್ಕಳಿದ್ದ ಆಸ್ಪತ್ರೆ ಇಲ್ಲಿಗೆ ಸಮೀಪದ ಹೆಬ್ಬಾಳದಲ್ಲಿತ್ತು. ಇದು ಹಳೆಯ ವೈರಾಣು, ಭಯಪಡಬೇಕಾಗಿಲ್ಲ ಎಂದು ಆರೋಗ್ಯ ಇಲಾಖೆ ಸ್ಪಷ್ಟಪಡಿಸುವ ಹೊತ್ತಿಗೆ ಮೂಲೆ ಸೇರಿದ್ದ ಮಾಸ್ಕುಗಳು ಹೊರಬಂದಿದ್ದವು. ಅದರ ಮರುದಿನ, ಜನವರಿ 7ರಂದು, ರಾಜ್ಯದ ನಾನಾ ಜಿಲ್ಲೆಗಳಿಂದ ಬಂದ ಸಾವಿರಾರು ಆಶಾ ಕಾರ್ಯಕರ್ತೆಯರು ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕುಳಿತರು. ನಮ್ಮ ಸಮುಚ್ಚಯದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ವೈರಾಣುವಿನ ಬಗ್ಗೆ ಹತ್ತಾರು ಸಂದೇಶಗಳಿದ್ದವು. ಧರಣಿಯ ಬಗ್ಗೆ ಒಂದೂ ಇರಲಿಲ್ಲ. ನಾನೂ ಬರೆದಿರಲಿಲ್ಲ.

ಈ ಎರಡು ಸುದ್ದಿಗಳು ಒಂದೇ ಸುದ್ದಿಯ ಎರಡು ಮುಖಗಳೆಂದು ನನಗೆ ಹೊಳೆದದ್ದು ತಡವಾಗಿ. ಹೊಳೆಸಿದ್ದು 2020ರ ಒಂದು ಬೆಳಗಿನ ನೆನಪು.

ಲಾಕ್‌ಡೌನ್ ಆರಂಭವಾಗಿ ಕೆಲವೇ ದಿನಗಳಾಗಿದ್ದವು. ವಿಮಾನ ನಿಲ್ದಾಣದ ಹೆದ್ದಾರಿ ನಿಶ್ಶಬ್ದವಾಗಿತ್ತು. ಜಕ್ಕೂರು ವೈಮಾನಿಕ ಶಾಲೆಯ ಪುಟ್ಟ ವಿಮಾನಗಳ ಸದ್ದೂ ನಿಂತು, ಕೆರೆಯ ಹಕ್ಕಿಗಳ ಕೂಗು ಮನೆಯೊಳಗೆ ಕೇಳಿಸುತ್ತಿತ್ತು. ಹತ್ತು ಗಂಟೆಯ ಬಿಸಿಲಿನಲ್ಲಿ ಗುಲಾಬಿ ಸೀರೆಯ ಹೆಣ್ಣುಮಗಳೊಬ್ಬರು ನಮ್ಮ ಗೇಟಿನ ಬಳಿ ಬಂದು ನಿಂತರು. ಮುಖಕ್ಕೆ ಮನೆಯಲ್ಲೇ ಹೊಲಿದ ಬಟ್ಟೆಯ ಮಾಸ್ಕು, ಕೈಯಲ್ಲೊಂದು ನೋಟ್‌ಬುಕ್ಕು. ಯಾವ ಮನೆಯಲ್ಲಿ ಜ್ವರ, ಕೆಮ್ಮು ಇದೆ, ಯಾರು ಪರದೇಶದಿಂದ ಬಂದಿದ್ದಾರೆ, ಅರವತ್ತು ದಾಟಿದವರೆಷ್ಟು ಎಂದು ಬರೆದುಕೊಳ್ಳುವುದು ಅವರ ಕೆಲಸ. ಅವರನ್ನು ಒಳಗೆ ಬಿಡಬಾರದೆಂದು ನಿವಾಸಿಗಳ ಸಮಿತಿ ತೀರ್ಮಾನಿಸಿತ್ತು. ನಾನು ಆ ಸಮಿತಿಯ ಸದಸ್ಯ. ಕಾವಲುಗಾರನ ಇಂಟರ್‌ಕಾಂ ಮೂಲಕ ಮನೆಮನೆಯ ವಿವರ ಕೇಳಿ ಬರೆಯಲು ಅವರಿಗೆ ಸುಮಾರು ಎರಡು ಗಂಟೆ ಹಿಡಿಯಿತು. ಮುಗಿದ ಮೇಲೆ, ಶೌಚಾಲಯ ಬಳಸಬಹುದೇ ಎಂದು ಸಂಕೋಚದಿಂದ ಕೇಳಿದರು. ನಾವು ಪರಸ್ಪರ ಮುಖ ನೋಡಿಕೊಂಡೆವು. ಯಾರೂ 'ಇಲ್ಲ' ಎನ್ನಲಿಲ್ಲ, ಯಾರೂ 'ಬನ್ನಿ' ಎನ್ನಲೂ ಇಲ್ಲ. ಅವರಿಗೆ ಅರ್ಥವಾಯಿತು, ಹೊರಟುಹೋದರು. ಕೆಲವೇ ದಿನಗಳ ಹಿಂದೆ, ಮಾರ್ಚ್ 22ರ ಸಂಜೆ ಐದು ಗಂಟೆಗೆ, ಇದೇ ಕಟ್ಟಡದ ಬಾಲ್ಕನಿಗಳಲ್ಲಿ ನಿಂತು ನಾವೆಲ್ಲ ಆರೋಗ್ಯ ಸಿಬ್ಬಂದಿಗಾಗಿ ಚಪ್ಪಾಳೆ ತಟ್ಟಿದ್ದೆವು.

ನಾವು ಕನಿಷ್ಠ ಹಲ್ಲೆ ಮಾಡಲಿಲ್ಲ ಎಂದು ಸಮಾಧಾನಪಟ್ಟುಕೊಳ್ಳಬಹುದು. 2020ರ ಏಪ್ರಿಲ್ ಮೊದಲ ವಾರ ನಮ್ಮದೇ ಬ್ಯಾಟರಾಯನಪುರ ಭಾಗದ ಬಡಾವಣೆಯೊಂದರಲ್ಲಿ ಮಾಹಿತಿ ಸಂಗ್ರಹಿಸಲು ಹೋದ ಆಶಾ ಕಾರ್ಯಕರ್ತೆಯ ಮೇಲೆ ಜನ ಮುಗಿಬಿದ್ದ ಪ್ರಕರಣ ರಾಜ್ಯದಾದ್ಯಂತ ಸುದ್ದಿಯಾಯಿತು. ದೇಶದ ಬೇರೆಡೆಯೂ ಇಂಥವು ನಡೆದವು. ಕೇಂದ್ರ ಸರ್ಕಾರ ಏಪ್ರಿಲ್ 22ರಂದು ಸುಗ್ರೀವಾಜ್ಞೆ ಹೊರಡಿಸಿ, ಆರೋಗ್ಯ ಸಿಬ್ಬಂದಿಯನ್ನು ತೀವ್ರವಾಗಿ ಗಾಯಗೊಳಿಸಿದವರಿಗೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಲು ಅವಕಾಶ ಕಲ್ಪಿಸಿತು. ತಿದ್ದುಪಡಿಯಾದದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಪ್ಲೇಗ್ ಕಾಲದ ಆ ಕಾನೂನಿಗೆ, ರೋಗದೊಡನೆ ಸೆಣಸುವವರ ಮೈಮೇಲೆ ಏಟು ಬೀಳಬಾರದು ಎಂಬ ಮಾತು ಸೇರಲು 123 ವರ್ಷ ಬೇಕಾಯಿತು. ಅವರು ಎಷ್ಟು ಗಂಟೆ ದುಡಿಯಬೇಕು, ಯಾವಾಗ ವಿಶ್ರಾಂತಿ, ಯಾವ ಸಂಬಳ ಎಂಬ ಮಾತು ಇನ್ನೂ ಸೇರಿಲ್ಲ.

ಬೆಂಗಳೂರು ಸಾಂಕ್ರಾಮಿಕಗಳನ್ನು ನೆನಪಿಟ್ಟುಕೊಳ್ಳುವ ರೀತಿಯೇ ಹೀಗೆ. 1898ರ ಪ್ಲೇಗ್ ನಮಗೆ ಮಲ್ಲೇಶ್ವರ, ಬಸವನಗುಡಿಗಳ ಅಗಲ ರಸ್ತೆಗಳನ್ನು ಕೊಟ್ಟಿತೆಂದು ಹೆಮ್ಮೆಯಿಂದ ಹೇಳುತ್ತೇವೆ. 1900ರಲ್ಲಿ ಉದ್ಘಾಟನೆಯಾದ ವಿಕ್ಟೋರಿಯಾ ಆಸ್ಪತ್ರೆಯನ್ನು ಉಲ್ಲೇಖಿಸುತ್ತೇವೆ. ಆದರೆ ಅಂದು ಮನೆಮನೆ ಶೋಧಿಸಿದವರು, ರೋಗಿಗಳನ್ನು ಹೊತ್ತವರು, ಶವ ಸಾಗಿಸಿದವರು ಯಾರು, ಅವರ ಗತಿ ಏನಾಯಿತು ಎಂಬುದು ನಗರದ ಕಥೆಯಲ್ಲಿ ಇಲ್ಲ. ಕೊರೊನಾದ ವಿಷಯದಲ್ಲೂ ಅದೇ ಮರೆವು ಆರಂಭವಾಗಿದೆ.

ಆ ಎರಡು ವರ್ಷಗಳಲ್ಲಿ ಆರೋಗ್ಯ ಸಿಬ್ಬಂದಿ ಅನುಭವಿಸಿದ ಒತ್ತಡವನ್ನು ನಾವು ಬಹುಮಟ್ಟಿಗೆ ಮನಸ್ಸಿನ ಸಮಸ್ಯೆಯೆಂದು ಬಗೆದೆವು. ನಿಮ್ಹಾನ್ಸ್ ಸಹಾಯವಾಣಿ ತೆರೆಯಿತು. ಅದು ಬೇಕಾಗಿತ್ತು, ಒಳ್ಳೆಯದನ್ನೇ ಮಾಡಿತು. ಆದರೆ ಒತ್ತಡದ ಬೇರು ಮನಸ್ಸಿನಲ್ಲಿ ಮಾತ್ರ ಇರಲಿಲ್ಲ, ನೇಮಕಾತಿಯ ಪತ್ರದಲ್ಲಿತ್ತು. ಪಿಪಿಇ ಉಡುಪು ತೊಟ್ಟು ಪಾಳಿ ಮುಗಿಯುವವರೆಗೆ ನೀರು ಕುಡಿಯದೆ, ಶೌಚಕ್ಕೆ ಹೋಗದೆ ನಿಂತ ಶುಶ್ರೂಷಕಿಗೆ ಪಾಳಿ ಎಂದು ಮುಗಿಯುತ್ತದೆಂಬ ಖಾತರಿ ಇರಲಿಲ್ಲ. ಗುತ್ತಿಗೆಯ ಮೇಲಿದ್ದವರಿಗೆ ಮುಂದಿನ ವರ್ಷ ಕೆಲಸ ಇರುತ್ತದೆಂಬ ಭರವಸೆಯೂ ಇರಲಿಲ್ಲ. ವೈದ್ಯರಿಗೆ ಸಕಾಲಕ್ಕೆ ಸಂಬಳ ಕೊಡಿ ಎಂದು 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನ ನೀಡಬೇಕಾದ ಪರಿಸ್ಥಿತಿ ಬಂತು. ಆಗಸ್ಟ್ 20ರಂದು ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿ ಆತ್ಮಹತ್ಯೆ ಮಾಡಿಕೊಂಡಾಗ, ಪರೀಕ್ಷೆಗಳ ಗುರಿ ಮುಟ್ಟಿಸುವ ಒತ್ತಡವೇ ಕಾರಣವೆಂದು ಆರೋಪಿಸಿ ಸರ್ಕಾರಿ ವೈದ್ಯರು ಪ್ರತಿಭಟನೆಗಿಳಿದರು. ಒಂದು ಸಾವಿನ ಕಾರಣವನ್ನು ಹೊರಗಿನವರು ನಿರ್ಣಯಿಸುವುದು ಸಲ್ಲದು. ಆದರೆ ಅಷ್ಟು ಜನ ಸಹೋದ್ಯೋಗಿಗಳು ಏಕಕಾಲಕ್ಕೆ 'ಇದು ನಮಗೂ ಗೊತ್ತಿರುವ ಸಂಕಟ' ಎಂಬಂತೆ ವರ್ತಿಸಿದರೆಂಬುದನ್ನು ಅಲಕ್ಷಿಸಲಾಗದು.

ಈ ಏಣಿಯ ಕೊನೆಯ ಮೆಟ್ಟಿಲಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಅವರನ್ನು ಸ್ವಯಂಸೇವಕಿಯರೆಂದು ಕರೆಯಲಾಯಿತು. ಸರ್ಕಾರದ ಕಡತದಲ್ಲಿ ಅವರು ನೌಕರರಲ್ಲ. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. 2020ರಲ್ಲಿ ರಾಜ್ಯ ಸರ್ಕಾರದ ಗೌರವಧನ ತಿಂಗಳಿಗೆ 4,000 ರೂಪಾಯಿ ಇತ್ತು. ಕೋವಿಡ್ ಕೆಲಸಕ್ಕೆಂದು ಕೇಂದ್ರ ಸೇರಿಸಿದ್ದು ತಿಂಗಳಿಗೆ 1,000 ರೂಪಾಯಿ. ಕೆಲಸದಲ್ಲಿ ಸೋಂಕು ತಗುಲಿ ಸತ್ತರೆ ಮಾತ್ರ 50 ಲಕ್ಷ ರೂಪಾಯಿಯ ವಿಮೆ ಇತ್ತು. ಸಾವಿಗೆ ಬೆಲೆ ಕಟ್ಟಿದ ವ್ಯವಸ್ಥೆ ದುಡಿಮೆಗೆ ಬೆಲೆ ಕಟ್ಟಲು ಹಿಂಜರಿಯಿತು. ಆ ವರ್ಷದ ಜುಲೈ 10ರಿಂದ ರಾಜ್ಯದ ಸುಮಾರು 42 ಸಾವಿರ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನ ಮತ್ತು ರಕ್ಷಣಾ ಸಾಮಗ್ರಿಗಾಗಿ ಮುಷ್ಕರ ಹೂಡಿದರು. ಬೆಂಗಳೂರಿನಲ್ಲಿ ಸೋಂಕು ಏರುತ್ತ, ಜುಲೈ 14ರಿಂದ ಮತ್ತೆ ಲಾಕ್‌ಡೌನ್ ಜಾರಿಯಾದ ತಿಂಗಳದು. 'ಇಂಥ ಹೊತ್ತಿನಲ್ಲಿ ಮುಷ್ಕರವೇ?' ಎಂದು ಹಲವರು ಕೇಳಿದರು. ಕೇಳಿದವರಲ್ಲಿ ನಾನೂ ಒಬ್ಬ. ಬೇರೆ ಹೊತ್ತಿನಲ್ಲಿ ಕೇಳಿದ್ದರೆ ನಾವು ಕಿವಿಗೊಡುತ್ತಿದ್ದೆವೇ ಎಂದು ನನ್ನನ್ನೇ ನಾನು ಕೇಳಿಕೊಳ್ಳಲಿಲ್ಲ.

'ಕೊರೊನಾ ಸೇನಾನಿ' ಎಂಬ ಬಿರುದಿನ ಅನುಕೂಲವನ್ನು ಇಲ್ಲಿ ಗಮನಿಸಬೇಕು. ಸೇನಾನಿ ತ್ಯಾಗಕ್ಕೆ ಸಿದ್ಧನಿರಬೇಕಾದವನು. ಹೆಚ್ಚುವರಿ ಗಂಟೆಗಳ ಲೆಕ್ಕ ಕೇಳಿದರೆ ಅವನ ಬಿರುದಿಗೇ ಕುಂದು. ಹಾಗೆ ನೋಡಿದರೆ, ನಿಜವಾದ ಸೈನಿಕನಿಗೆ ನಿಶ್ಚಿತ ಸಂಬಳವಿದೆ, ರಜೆಯಿದೆ, ನಿವೃತ್ತಿಯ ಬಳಿಕ ಸವಲತ್ತುಗಳಿವೆ. ನಾವು ಸೇನೆಯ ಶಬ್ದವನ್ನು ಎರವಲು ತಂದೆವು, ಸೇನೆಯ ಸೇವಾ ನಿಯಮಗಳನ್ನು ತರಲಿಲ್ಲ. 2022ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಹತ್ತು ಲಕ್ಷ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಪ್ರಶಸ್ತಿ ನೀಡಿ ಗೌರವಿಸಿತು. ಗೌರವ ಬಂತು, ಧನದ ಪ್ರಶ್ನೆ ಇದ್ದಲ್ಲೇ ಉಳಿಯಿತು.

ಇದಕ್ಕೆ ಆಡಳಿತದ ಉತ್ತರವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಯೋಜನೆ ಕೇಂದ್ರದ್ದು, ಹೊರೆ ರಾಜ್ಯದ್ದು. ಇದು ಅರೆಕಾಲಿಕ ಸೇವೆ. ಇವರನ್ನು ಕಾಯಂ ಮಾಡಿದರೆ ಅಂಗನವಾಡಿ, ಬಿಸಿಯೂಟದ ಕಾರ್ಯಕರ್ತೆಯರೂ ಅದನ್ನೇ ಕೇಳುತ್ತಾರೆ ಎಂಬುದು ವಾದ. ಮೊದಲ ಮಾತು ಕೇಂದ್ರ-ರಾಜ್ಯಗಳು ಕುಳಿತು ಬಗೆಹರಿಸಬೇಕಾದ ಲೆಕ್ಕ. ಎರಡನೆಯದು ಕಾಗದದ ಮೇಲೆ ಮಾತ್ರ ಸತ್ಯ: ಗರ್ಭಿಣಿಯರ ಆರೈಕೆಯಿಂದ ಲಾರ್ವಾ ಸಮೀಕ್ಷೆಯವರೆಗೆ, ಲಸಿಕೆಯಿಂದ ಮೊಬೈಲಿನಲ್ಲಿ ವಿವರ ತುಂಬುವವರೆಗೆ ಹಬ್ಬಿದ ದುಡಿಮೆ ಅರ್ಧ ದಿನದ್ದಲ್ಲ. ಮೂರನೆಯದಕ್ಕೆ, ಯೋಜನಾ ಕಾರ್ಯಕರ್ತರನ್ನು ಕಾರ್ಮಿಕರೆಂದು ಗುರುತಿಸಿ ಕನಿಷ್ಠ ವೇತನ, ಸಾಮಾಜಿಕ ಭದ್ರತೆ ಕೊಡಬೇಕೆಂದು 2013ರ 45ನೇ ಭಾರತೀಯ ಕಾರ್ಮಿಕ ಸಮ್ಮೇಳನವೇ ಶಿಫಾರಸು ಮಾಡಿದೆ. ಸರ್ಕಾರ, ಮಾಲೀಕರು, ಕಾರ್ಮಿಕರು ಒಟ್ಟಿಗೆ ಕುಳಿತು ಹೇಳಿದ ಮಾತದು.

2025ರ ಜನವರಿಯ ಧರಣಿ ಕೊನೆಗೊಂಡದ್ದು ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಖಾತರಿಪಡಿಸುವ ಮುಖ್ಯಮಂತ್ರಿಯ ಭರವಸೆಯೊಂದಿಗೆ. ಅದು ಜಾರಿಯಾಗಲಿಲ್ಲವೆಂದು ಆಗಸ್ಟ್‌ನಲ್ಲಿ ಅವರು ಮತ್ತೆ ಬೀದಿಗೆ ಬಂದರು. ಕೊಟ್ಟ ಮಾತನ್ನು ಆದೇಶವಾಗಿಸುವುದು ಮೊದಲ ಹೆಜ್ಜೆ. ಎರಡನೆಯದು, ತುರ್ತುಸ್ಥಿತಿಯಲ್ಲಿ ಆರೋಗ್ಯ ಸಿಬ್ಬಂದಿಯ ಪಾಳಿಯ ಮಿತಿ, ಕಡ್ಡಾಯ ವಿಶ್ರಾಂತಿ, ಬದಲಿ ಸಿಬ್ಬಂದಿ, ಹೆಚ್ಚುವರಿ ಭತ್ಯೆಗಳನ್ನು ಮುಂಚಿತವಾಗಿ ನಿಯಮದಲ್ಲಿ ಬರೆದಿಡುವುದು. ಸೋಂಕು ಬಂದ ಮೇಲೆ ಬರೆಯುವ ಸುತ್ತೋಲೆ ಸುಸ್ತಾದವರ ಕೈಗೆ ತಲುಪುವುದಿಲ್ಲ. ಮೂರನೆಯದು ತೀರ ಸಣ್ಣದು: ಪ್ರತಿ ನಗರ ಆರೋಗ್ಯ ಕೇಂದ್ರದಲ್ಲಿ, ನಮ್ಮ ಕ್ಲಿನಿಕ್‌ನಲ್ಲಿ ಹೊರಗೆ ತಿರುಗುವ ಕಾರ್ಯಕರ್ತೆಯರಿಗೊಂದು ಕೋಣೆ, ಕುಡಿಯುವ ನೀರು, ಶೌಚಾಲಯ.

ಈ ಕೊನೆಯದಕ್ಕೆ ಸರ್ಕಾರಕ್ಕಾಗಿ ಕಾಯಬೇಕಾಗಿಲ್ಲ. 2024ರ ಮಳೆಗಾಲದಲ್ಲಿ ನಗರದಲ್ಲಿ ಡೆಂಗಿ ಹೆಚ್ಚಿದಾಗ, ಹೂಕುಂಡಗಳ ತಟ್ಟೆಯಲ್ಲಿ ನೀರು ನಿಂತಿದೆಯೇ ಎಂದು ನೋಡಲು ಅದೇ ಹೆಣ್ಣುಮಗಳು ನಮ್ಮಲ್ಲಿಗೆ ಬಂದಿದ್ದರು. ಈ ಬಾರಿ ಗೇಟು ತೆರೆದಿತ್ತು. ಕುರ್ಚಿ ಹಾಕಿಸಿ, ನೀರು ಕೊಟ್ಟು, 2020ರ ಆ ಬೆಳಗಿಗೆ ಕ್ಷಮೆ ಕೇಳಬೇಕೆಂದುಕೊಂಡೆ. ಅವರಿಗೆ ಆ ದಿನ ನೆನಪಿರಲಿಲ್ಲ. 'ಆಗ ಎಲ್ಲ ಕಡೆಯೂ ಹಾಗೇ ಇತ್ತಲ್ಲ ಸಾರ್' ಎಂದರು. ನೀರು ಕುಡಿದು, ಇನ್ನೂ ಮೂವತ್ತು ಮನೆ ಬಾಕಿ ಇದೆಯೆಂದು ಹೇಳಿ, ಕೂರದೆ ಹೊರಟರು.