ಅಗಲಿದ ಹಿರಿಯರನ್ನು ನೆನೆಯುವ ಬಗೆ

ಸದಸ್ಯ ಬಾಂಧವರು ತೀರಿಕೊಂಡಾಗ ಸಂಘದಲ್ಲಿ ಸಂತಾಪ ಸೂಚನೆಯ ಠರಾವು ಬರೆಯುವ ಕೆಲಸ ಕಾರ್ಯದರ್ಶಿಯಾದ ನಮ್ಮ ಪಾಲಿಗೆ ಬರುತ್ತದೆ. ಅದರ ಒಕ್ಕಣೆ ಎಲ್ಲರಿಗೂ ಒಂದೇ: ‘ಸರಳ ಸಜ್ಜನರು, ಪ್ರಗತಿಪರ ಕೃಷಿಕರು, ಪರೋಪಕಾರಿಗಳು.’ ಕಳೆದ ಆಷಾಢದಲ್ಲಿ ನಮ್ಮ ತಂದೆಯವರು ತಮ್ಮ 88ನೆಯ ವಯಸ್ಸಿನಲ್ಲಿ ದೈವಾಧೀನರಾದರು. ಅವರ ಬಗ್ಗೆಯೂ ಅದೇ ಮೂರು ಮಾತು ಬರೆಯಬಹುದಿತ್ತು. ಅವು ಸುಳ್ಳಲ್ಲ. ಆದರೆ ಆ ಮಾತುಗಳಲ್ಲಿ ನಮ್ಮ ಅಪ್ಪಯ್ಯ ಎಲ್ಲಿಯೂ ಕಾಣುವುದಿಲ್ಲ.

ಅಪ್ಪಯ್ಯನ ಆಸ್ತಿ ಗುಡ್ಡದಲ್ಲಿ 3 ಎಕರೆ ಕಾಫಿ, ಕೆಳಗಿನ ಕಣಿವೆಯಲ್ಲಿ 2 ಎಕರೆ ಅಡಿಕೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನ ಬೋರ್ಡೋ ದ್ರಾವಣವನ್ನು ತಾವೇ ಕೂಡಿಸುತ್ತಿದ್ದರು. 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಆಮೇಲೆ ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ತೆಗೆಯುತ್ತಿದ್ದರು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಆ ಪರೀಕ್ಷೆ ಮುಗಿಯದೆ ಯಾವ ಕೊನೆಗಾರನೂ ಮರ ಹತ್ತುವಂತಿರಲಿಲ್ಲ. ಕೊನೆಯ ವರ್ಷಗಳಲ್ಲಿ ಕಣ್ಣು ಮಂಜಾಗಿತ್ತು. ಆದರೂ ರಾತ್ರಿ ಹೆಂಚಿನ ಮೇಲೆ ಬೀಳುವ ಸದ್ದು ಕೇಳಿ ‘ಒಂದೂವರೆ ಇಂಚು’ ಎನ್ನುವರು. ಬೆಳಗ್ಗೆ ನಾವು ಮಳೆಮಾಪಕ ನೋಡಿ ಬಂದು ಹೇಳುವವರೆಗೆ ಕಾಫಿ ಲೋಟ ಮುಟ್ಟುತ್ತಿರಲಿಲ್ಲ.

1970ರ ಸುಮಾರಿಗೆ ಅಡಿಕೆ ಬೆಲೆ ಕುಸಿದಾಗ ಸುಲಿದು ಬೇಯಿಸಿ ಒಣಗಿಸಿದ ಅಡಿಕೆ ನಮ್ಮ ಅಟ್ಟದಲ್ಲೇ ಉಳಿಯಿತು. ಮನೆಯ ಬಂಗಾರ ಅಡವಿಗೆ ಹೋಯಿತು. ಅಂಥ ಸಂಕಟದ ಫಲವಾಗಿಯೇ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಂಸ್ಥೆ ಹುಟ್ಟಿತೆಂಬುದನ್ನು ಎಲ್ಲರೂ ಬಲ್ಲರು. ಒಬ್ಬೊಬ್ಬನೇ ಮಂಡಿಯ ಬಾಗಿಲಿಗೆ ಹೋದರೆ ದಲ್ಲಾಳಿ ಹೇಳಿದ್ದೇ ದರ ಎಂಬುದನ್ನು ಅಪ್ಪಯ್ಯ ಆ ವರ್ಷಗಳಲ್ಲಿ ಕಲಿತರು. ಮುಂದೆ ನಮ್ಮ ಸಂಘಕ್ಕೆ ಷೇರು ಕೂಡಿಸಲು ಮನೆಮನೆ ತಿರುಗಿದ್ದು ಆ ಪಾಠದಿಂದಲೇ.

ಇನ್ನು ಠರಾವಿನಲ್ಲಿ ಯಾರೂ ಬರೆಯದ ಸಂಗತಿ. 1975ರ ಜುಲೈಯಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಅಲ್ಲಿಯ ಕಾಫಿ ಗಿಡಗಳು ಸುಟ್ಟುಹೋದವು. ಮುಂದಿನ ಎರಡು ವರ್ಷ ಲೋಕದ ಮಾರುಕಟ್ಟೆಯಲ್ಲಿ ಬೆಲೆ ಏರಿತು. ನಮ್ಮ ಕಾಫಿಯೆಲ್ಲ ಆಗ ಕಾಫಿ ಬೋರ್ಡಿನ ಪೂಲಿಗೆ ಹೋಗುತ್ತಿದ್ದ ಕಾಲ. ಹಣ ಕಂತುಕಂತಾಗಿ ಬರುತ್ತಿತ್ತು. ಆ ಕಂತುಗಳು ದಪ್ಪವಾದಾಗ ಅಪ್ಪಯ್ಯನಿಗೂ ಆಸೆ ಹುಟ್ಟಿತು. ಬಿಸಿಲು ಹೆಚ್ಚಾದರೆ ಫಸಲು ಹೆಚ್ಚುತ್ತದೆಂದು ಮೇಲಿನ ಒಂದು ಎಕರೆಯಲ್ಲಿ ಅತ್ತಿ, ಬಸರಿ, ಹಲಸು ಎಲ್ಲ ಕಡಿಸಿದರು. ಒಂದೆರಡು ವರ್ಷ ಫಸಲು ನಿಜಕ್ಕೂ ಹೆಚ್ಚಿತು. ಅನಂತರ ಬಿಳಿ ಕಾಂಡಕೊರಕ ನುಗ್ಗಿತು. ಬಿಸಿಲು ಬಿದ್ದ ಅರೇಬಿಕಾ ಕಾಂಡದ ಬಿರುಕುಗಳಲ್ಲಿ ಈ ದುಂಬಿ ಮೊಟ್ಟೆಯಿಡುತ್ತದೆ. ಒಳಗೆ ಹುಳು ಕೊರೆದಂತೆ ಗಿಡ ಹಳದಿಯಾಗಿ ಸೊರಗುತ್ತದೆ. ಗಿಡಗಳನ್ನು ಬುಡಸಹಿತ ಕಿತ್ತು ಸುಡಬೇಕಾಯಿತು. ಹೊಸ ನೆರಳು ಬೆಳೆದು ಆ ಎಕರೆ ಮತ್ತೆ ತೋಟವೆನಿಸಲು ಹನ್ನೆರಡು ವರ್ಷ ಹಿಡಿಯಿತು.

ಅಪ್ಪಯ್ಯ ಇದನ್ನು ಮುಚ್ಚಿಡಲಿಲ್ಲ. ತೋಟ ನೋಡಲು ಬಂದವರನ್ನೆಲ್ಲ ಮೊದಲು ಆ ಪಟ್ಟಿಗೇ ಕರೆದೊಯ್ದು, ‘ಇದು ನನ್ನ ದುರಾಸೆಯ ಎಕರೆ’ ಎಂದು ತೋರಿಸುತ್ತಿದ್ದರು. ಆ ಮಾತು ಕೇಳಿ ಕೊಡಲಿ ಕೆಳಗಿಟ್ಟವರು ನಮ್ಮ ಹೋಬಳಿಯಲ್ಲಿ ಕೆಲವರಾದರೂ ಇದ್ದಾರೆ. ಅಪ್ಪಯ್ಯ ಮಾಡಿದ ದಾನಧರ್ಮಗಳಿಗಿಂತ ಇದು ದೊಡ್ಡ ಉಪಕಾರವೆಂದು ನಮ್ಮ ಭಾವನೆ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. 2024-25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಗುಡ್ಡಗಳಲ್ಲಿ ಗರಗಸದ ಸದ್ದು ಹೆಚ್ಚಿದೆ. ಕೆಳಗೆ ಗದ್ದೆಗಳಿಗೆಲ್ಲ ಅಡಿಕೆ ಸಸಿ ಇಳಿಯುತ್ತಿವೆ. ಈ ತಲೆಮಾರಿನ ಎಳೆಯ ಬೆಳೆಗಾರರು 1970ರ ಅಟ್ಟವನ್ನಾಗಲಿ, 1970ರ ದಶಕದ ಕೊನೆಯ ಬೋರರನ್ನಾಗಲಿ ಕಂಡವರಲ್ಲ. ಕಂಡವರು ಒಬ್ಬೊಬ್ಬರಾಗಿ ಹೊರಟುಹೋಗುತ್ತಿದ್ದಾರೆ. ಹೋದ ಮೇಲೆ ನಾವು ಅವರ ಪಟಕ್ಕೆ ಗಂಧದ ಹಾರ ಹಾಕಿ, ಬದುಕಿನಲ್ಲಿ ಒಂದು ಹೆಜ್ಜೆಯೂ ತಪ್ಪದ ದೇವರನ್ನಾಗಿ ಮಾಡುತ್ತೇವೆ. ದೇವರಿಂದ ವರ ಬೇಡಬಹುದು, ಬೇಸಾಯ ಕಲಿಯಲಾಗದು. ಸಾಲ ಮಾಡಿದ, ಎಡವಿದ, ಮತ್ತೆ ಎದ್ದು ಸಸಿ ನೆಟ್ಟ ಅಪ್ಪನಿಂದ ಮಾತ್ರ ಕಲಿಯಬಹುದು.

‘ಸತ್ತವರ ಕುಂದನ್ನು ಆಡಬಾರದು’ ಎಂದು ಕೆಲವರು ಆಕ್ಷೇಪಿಸಬಹುದು. ಹೀನಾಯಿಸಲು ಆಡಬಾರದು, ಒಪ್ಪಿದೆ. ಪ್ರೀತಿಯಿಂದ ಇದ್ದದ್ದನ್ನು ಇದ್ದಂತೆ ಹೇಳುವುದು ಬೇರೆ. ಆ ಎಕರೆಯ ಕಥೆ ಹೇಳುವಾಗ ನಮಗೆ ಅಪ್ಪಯ್ಯನ ಮೇಲಿನ ಗೌರವ ಕೂದಲೆಳೆಯಷ್ಟೂ ಕುಗ್ಗುವುದಿಲ್ಲ. ಅವರು ಪಕ್ಕದಲ್ಲೇ ನಡೆಯುತ್ತಿದ್ದಾರೆಂದು ತೋರುತ್ತದೆ.

ಆದುದರಿಂದ ಸದಸ್ಯರಲ್ಲಿ ನಮ್ಮದೊಂದು ವಿನಂತಿ. ಉತ್ತರಕ್ರಿಯೆಯನ್ನು ಶಕ್ತ್ಯನುಸಾರ ಮಾಡಿರಿ, ಬೇಡವೆನ್ನುವುದಿಲ್ಲ. ಅದರೊಡನೆ ತೀರಿಕೊಂಡ ಹಿರಿಯರ ತೋಟದ ಕಥೆಯನ್ನು ಎರಡು ಪುಟ ಬರೆದು ಕಳಿಸಿರಿ. ಯಾವ ಪಟ್ಟಿ ಯಾವಾಗ ನೆಟ್ಟರು, ಯಾವ ವರ್ಷ ಸೋತರು, ಹೇಗೆ ಚೇತರಿಸಿಕೊಂಡರು ಎಂಬುದಿರಲಿ. ಈ ಪತ್ರಿಕೆಯಲ್ಲಿ ಅದಕ್ಕೆ ಜಾಗ ಕೊಡುತ್ತೇವೆ. ಮನೆಯಲ್ಲಿ ಹಿರಿಯರು ಇನ್ನೂ ಇದ್ದರೆ ನಿಮ್ಮ ಪುಣ್ಯ. ಈ ಮಳೆಗಾಲದ ಸಂಜೆಗಳಲ್ಲಿ ಒಂದು ನೋಟುಬುಕ್ಕು ಹಿಡಿದು ಅವರ ಬಳಿ ಕುಳಿತುಕೊಳ್ಳಿರಿ.